ಬಾಗಿಲು ಹಾಕುವ ಮೊದಲು ಲೆಕ್ಕ ಒಪ್ಪಿಸಲಿ: ಗ್ರಾಹಕ ವ್ಯವಹಾರಗಳ ಇಲಾಖೆಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯದರ್ಶಿಗಳು, ಗ್ರಾಹಕ ವ್ಯವಹಾರಗಳ ಇಲಾಖೆ, ಭಾರತ ಸರ್ಕಾರ
ಮುಖ್ಯ ಆಯುಕ್ತರು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ

ಮಾನ್ಯರೆ,

ಮೊಬೈಲ್ ಆ್ಯಪ್‌ಗಳ ಷರತ್ತುಗಳಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ಎಲ್ಲ ಕಡೆಯೂ ಸಿಗುತ್ತದೆ. ಕಂಪನಿ ಬೇರೆಯಾದರೂ ಒಕ್ಕಣೆ ಬದಲಾಗುವುದಿಲ್ಲ: ಯಾವುದೇ ಸಮಯದಲ್ಲಿ, ಕಾರಣವಿದ್ದೋ ಇಲ್ಲದೆಯೋ, ಸೂಚನೆ ಕೊಟ್ಟೋ ಕೊಡದೆಯೋ ಈ ಸೇವೆಯನ್ನು ಬದಲಿಸುವ, ತಡೆಹಿಡಿಯುವ, ಪೂರ್ತಿ ನಿಲ್ಲಿಸುವ ಹಕ್ಕು ನಮಗಿದೆ, ಅದರಿಂದ ನಿಮಗಾಗಲಿ ಮತ್ತೊಬ್ಬರಿಗಾಗಲಿ ಆಗುವ ನಷ್ಟಕ್ಕೆ ನಾವು ಹೊಣೆಯಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಈ ಒಂದು ವಾಕ್ಯದ ವಿರುದ್ಧ. ದುಡ್ಡು ತೆಗೆದುಕೊಂಡು ಜನರ ದಾಖಲೆ ತನ್ನಲ್ಲಿ ಇಟ್ಟುಕೊಂಡ ಕಂಪನಿ ಬಾಗಿಲು ಹಾಕುವಾಗ ಲೆಕ್ಕ ಒಪ್ಪಿಸಿಯೇ ಹೋಗಬೇಕು, ಒಪ್ಪಿಸದಿದ್ದರೆ ಅದರ ನಷ್ಟ ಭರಿಸಬೇಕು ಎಂಬ ನಿಯಮ ಬೇಕೆಂದು ಕೇಳುತ್ತಿದ್ದೇನೆ.

ಕಲಬುರಗಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ನನ್ನಲ್ಲಿಗೆ ಬರುವವರು ಗಂಜ್‌ನ, ಅಂದರೆ ಧಾನ್ಯ ಮಾರುಕಟ್ಟೆಯ, ದೊಡ್ಡ ವ್ಯಾಪಾರಿಗಳಲ್ಲ. ಆಳಂದ, ಜೇವರ್ಗಿ, ಚಿತ್ತಾಪುರ, ಅಫಜಲಪುರ ಕಡೆಯ ಕಿರಾಣಿ, ಬಟ್ಟೆ, ಗೊಬ್ಬರ, ಹಾರ್ಡ್‌ವೇರ್ ಅಂಗಡಿಯವರು. ಮೊದಲೆಲ್ಲ ಇವರು ಕಿರ್ದಿ, ಖತಾವಣಿ ಪುಸ್ತಕಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಈಗ ಮೊಬೈಲ್ ಮುಂದಿಡುತ್ತಾರೆ. ಇದರಲ್ಲಿ ಬೇಸರದ ಮಾತೇನೂ ಇಲ್ಲ. ಕೂಡುವ ಕಳೆಯುವ ಕೆಲಸ ತಪ್ಪಿದೆ, ಬಾಕಿದಾರರಿಗೆ ನೆನಪಿನ ಮೆಸೇಜು ತಾನಾಗಿ ಹೋಗುತ್ತದೆ, ಇಲಿ ಗೆದ್ದಲುಗಳ ಭಯವಿಲ್ಲ. ಡಿಜಿಟಲ್ ಆಗಿ ಎಂದು ಸರ್ಕಾರವೇ ಹೇಳಿತು, ಜನ ಆದರು.

ಹಿಂದಿನ ಒಂದು ತೊಗರಿ ಹಂಗಾಮಿನಲ್ಲಿ ನಾನು ಹತ್ತಿರದಿಂದ ಕಂಡದ್ದನ್ನು ತಮ್ಮ ಮುಂದಿಡುತ್ತೇನೆ. ಅಂಗಡಿ ಯಾರದು, ಆ್ಯಪ್ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಷರತ್ತು ಎಲ್ಲರದೂ ಒಂದೇ ಆಗಿರುವಾಗ ಒಬ್ಬರ ಹೆಸರು ಎತ್ತಿ ಉಳಿದವರನ್ನು ಬಿಡುವುದು ಸರಿಯಾಗದು.

ಆಳಂದ ತಾಲ್ಲೂಕಿನ ಹಳ್ಳಿಯೊಂದರ ಗೊಬ್ಬರ, ಬೀಜ, ಕೀಟನಾಶಕದ ಅಂಗಡಿ ಅದು. ನಮ್ಮ ಭಾಗದಲ್ಲಿ ಇಂಥ ಅಂಗಡಿ ನಡೆಯುವುದೇ ಉದ್ರಿಯ ಮೇಲೆ. ಜೂನ್, ಜುಲೈನಲ್ಲಿ ತೊಗರಿ ಬಿತ್ತುವಾಗ ರೈತ ಬೀಜ, ಡಿಎಪಿ ಒಯ್ಯುತ್ತಾನೆ. ಹೂವು ಕಾಯಿ ಆಗುವ ಹೊತ್ತಿಗೆ ಕೀಡಿ ಬೀಳುತ್ತದೆ, ಎಣ್ಣಿ (ಕೀಟನಾಶಕ) ಹೊಡೆಯಬೇಕು ಎಂದು ಮತ್ತೆ ಬರುತ್ತಾನೆ. ರೊಕ್ಕ ಬರುವುದು ಡಿಸೆಂಬರ್, ಜನವರಿಯಲ್ಲಿ ರಾಶಿಯಾಗಿ, ಮಾಲು ಗಂಜ್ ಸೇರಿ, ಮಾರಾಟದ ಪಟ್ಟಿ ಕೈಗೆ ಬಂದಮೇಲೆ. ಅಲ್ಲಿಯವರೆಗೆ ಅಂಗಡಿಯ ಬಂಡವಾಳವೆಲ್ಲ ಊರವರ ಹೊಲದಲ್ಲಿ ಇರುತ್ತದೆ. ಯಾರ ಕಡೆ ಎಷ್ಟು ಬಾಕಿ ಎಂಬ ಲೆಕ್ಕವೇ ಆ ಆರು ತಿಂಗಳ ಆಸ್ತಿ. ಸಬ್ಸಿಡಿ ಗೊಬ್ಬರ ಮಾರಲು ಇಟ್ಟಿರುವ ಪಿಒಎಸ್ ಯಂತ್ರದಲ್ಲಿ ಯಾರಿಗೆ ಎಷ್ಟು ಚೀಲ ಹೋಯಿತು ಎಂಬುದು ದಾಖಲಾಗುತ್ತದೆ. ಅದರಲ್ಲಿ ಎಷ್ಟು ಕೊಟ್ಟರು, ಎಷ್ಟು ಉಳಿಸಿದರು ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ.

ಆ ಬಾಕಿಯ ಲೆಕ್ಕವನ್ನು ಅಂಗಡಿಯವರು ವರ್ಷದ ಚಂದಾ ಕಟ್ಟಿ ಒಂದು ಆ್ಯಪ್‌ನಲ್ಲಿ ಇಟ್ಟಿದ್ದರು. ನವೆಂಬರ್ ಕೊನೆಗೆ ಆ್ಯಪ್ ತೆರೆದಾಗಲೆಲ್ಲ ಇಂಗ್ಲಿಷಿನ ನಾಲ್ಕು ಸಾಲು ಕಾಣಿಸತೊಡಗಿತು. ಅದೇ ಜಾಗದಲ್ಲಿ ದಿನವೂ ಒಂದಲ್ಲ ಒಂದು ಜಾಹೀರಾತು ಬರುತ್ತಿತ್ತು. ಇದೂ ಅಂಥದ್ದೇ ಎಂದುಕೊಂಡು ಅವರು ಸರಿಸುತ್ತ ಹೋದರು. ಡಿಸೆಂಬರ್ ಕೊನೆಯ ವಾರ ಆ್ಯಪ್ ತೆರೆಯಲೇ ಇಲ್ಲ. ಅಂಗಡಿಯವರ ಮಗ ಕಲಬುರಗಿಗೆ ಓಡಿಬಂದ. ಅವನ ಕೈಯಲ್ಲಿ ಉಳಿದಿದ್ದುದು ದೀಪಾವಳಿ ಹೊತ್ತಿಗೆ ತೆಗೆದಿಟ್ಟಿದ್ದ ಒಂದು ಪಿಡಿಎಫ್ ಮಾತ್ರ. ಅದರಲ್ಲಿ ‘ಮೇಲಿನ ಓಣಿ ಟ್ರ್ಯಾಕ್ಟರ್’, ‘ಬಾವಿ ಹೊಲದ ಗೌಡ್ರು’, ‘ತಾಂಡಾ ಮೇಸ್ತ್ರಿ’ ಎಂದು ಅಂಗಡಿಯವರಿಗಷ್ಟೇ ಗುರುತು ಹತ್ತುವ ಹೆಸರುಗಳು, ಪ್ರತಿ ಹೆಸರಿನೆದುರು ಒಂದು ಒಟ್ಟು ಮೊತ್ತ. ಯಾವ ದಿನ ಏನು ಒಯ್ದರು, ನಡುವೆ ಎಷ್ಟು ಜಮಾ ಮಾಡಿದರು ಎಂಬ ಸಾಲುಗಳಿರಲಿಲ್ಲ. ದೀಪಾವಳಿಯಾದ ಮೇಲೆ ಎಣ್ಣಿ ಒಯ್ದವರ ಲೆಕ್ಕವಂತೂ ಎಲ್ಲಿಯೂ ಇರಲಿಲ್ಲ.

‘ಸರ್, ಯಾರ್ ಕಡಿ ಎಷ್ಟ್ ರೊಕ್ಕ ಅದ ಅಂತ ಆ ಮೊಬೈಲಿಗೇ ಗೊತ್ತಿತ್ತು. ಈಗ ನಾ ಯಾರ್ ಮನಿ ಬಾಗಲಿಗೆ ಹೋಗಿ ಏನಂತ ಕೇಳ್ಲಿ?’ ಎಂದು ಅವನ ತಂದೆ ಫೋನಿನಲ್ಲಿ ಕೇಳಿದರು.

ಊರಿನ ಮಂದಿ ಒಳ್ಳೆಯವರು. ಬಹಳ ಜನ ತಾವಾಗಿಯೇ ಬಂದು ‘ಸಾವ್ಕಾರ್ರ, ನಂದು ಇಷ್ಟದ ನೋಡ್ರಿ’ ಎಂದು ಎಣಿಸಿಕೊಟ್ಟರು. ಕೆಲವರು ನಾವು ನಡುವೆ ಕೊಟ್ಟಿದ್ದೇವಲ್ಲ ಎಂದರು. ಅವರ ಮಾತು ನಿಜವೋ ಸುಳ್ಳೋ ಎಂದು ತೋರಿಸಲು ಕಾಗದವಿಲ್ಲ. ನಿಜವೇ ಹೇಳುತ್ತಿದ್ದರೂ ಇರಬಹುದು. ಅದನ್ನು ಸಾಬೀತು ಮಾಡುವ ದಾರಿ ಅವರಿಗೂ ಇಲ್ಲ. ಅಪ್ಪನ ಕಾಲದಿಂದ ನಡೆದುಬಂದ ವ್ಯವಹಾರದಲ್ಲಿ ಹೀಗೆ ಅನುಮಾನ ಹೊಕ್ಕಿತು. ನಷ್ಟವನ್ನು ರೂಪಾಯಿಯಲ್ಲಿ ಹೇಳಬಹುದು, ಇದನ್ನು ಹೇಗೆ ಹೇಳುವುದು?

ಕಂಪನಿಗೆ ನಾನೇ ಮೇಲ್ ಬರೆದೆ. ಸೇವೆ ನಿಂತಿದೆ, ಷರತ್ತುಗಳ ಇಂಥ ಕಲಂ ನೋಡಿಕೊಳ್ಳಿ ಎಂಬ ಉತ್ತರ ಬಂತು. ಬಳಸದೆ ಉಳಿದ ತಿಂಗಳುಗಳ ಚಂದಾ ಬಗ್ಗೆ ಒಂದಕ್ಷರವಿಲ್ಲ. ಸರ್ವರ್‌ನಲ್ಲಿದ್ದ ಲೆಕ್ಕ ಅಳಿಸಿಹೋಯಿತೋ, ಇನ್ನೂ ಇದೆಯೋ ಎಂಬ ಪ್ರಶ್ನೆಗೂ ಉತ್ತರವಿಲ್ಲ.

ಮಾನ್ಯರೆ, ಇದೇ ಅಂಗಡಿಯವರಿಗೆ ಸರ್ಕಾರ ಹಾಕಿರುವ ಕಟ್ಟುಪಾಡು ಯಾವುದೆಂದು ನೋಡಿ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ನೋಂದಾಯಿತ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಲೆಕ್ಕ ಕಂಪ್ಯೂಟರಿನಲ್ಲಿ ಇದ್ದರೆ, ಅವಘಡವಾದರೂ ಮರಳಿ ಪಡೆಯುವಂತೆ ಬ್ಯಾಕಪ್ ಇಡಬೇಕೆಂದು 57ನೇ ನಿಯಮ ಹೇಳುತ್ತದೆ. ನೋಟಿಸು ಬಂದರೆ ಅಧಿಕಾರಿಯ ಮುಂದೆ ನಾವು ಆರು ವರ್ಷದ ಹಿಂದಿನ ಬಿಲ್ ತೋರಿಸಬೇಕು. ಆ್ಯಪ್ ಮುಚ್ಚಿತು ಸ್ವಾಮಿ ಎಂದರೆ ಕೇಳುವವರಿಲ್ಲ. ಹಳ್ಳಿಯ ಗೊಬ್ಬರದಂಗಡಿಯವನ ಮೇಲೆ ಆರು ವರ್ಷದ ಹೊಣೆ ಹೊರಿಸಿದ ವ್ಯವಸ್ಥೆ, ಅವನ ಲೆಕ್ಕವನ್ನು ಹಣ ಪಡೆದು ಇಟ್ಟುಕೊಂಡ ಕಂಪನಿಯ ಮೇಲೆ ಆರು ದಿನದ ಹೊಣೆಯನ್ನೂ ಹೊರಿಸಿಲ್ಲ. ಇದು ನ್ಯಾಯವಲ್ಲ.

ಯಾವ ಕಂಪನಿಯೂ ಮುಚ್ಚಬಾರದು ಎಂದು ನಾನು ಹೇಳುತ್ತಿಲ್ಲ. ನಷ್ಟವಾದರೆ ಅಂಗಡಿ ಮುಚ್ಚಲೇಬೇಕಾಗುತ್ತದೆ, ಅದು ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಗೂ ಅನ್ವಯ, ಸಾವಿರ ಕೋಟಿಯ ಕಂಪನಿಗೂ ಅನ್ವಯ. ಬೆಂಗಳೂರಿನಲ್ಲಿ ಹುಟ್ಟಿ ಮೊದಲು ಕನ್ನಡದಲ್ಲೇ ಶುರುವಾದ ಸಾಮಾಜಿಕ ಜಾಲತಾಣ ‘ಕೂ’ 2024ರ ಜುಲೈನಲ್ಲಿ ಮುಚ್ಚುವುದಾಗಿ ಘೋಷಿಸಿತು. ಕನ್ನಡದಲ್ಲಿ ಬರೆಯುವವರಿಗೆ ಅದು ನೋವಿನ ಸುದ್ದಿಯಾಗಿತ್ತು, ಆದರೂ ನಡೆಸಲಾಗದವರನ್ನು ನಡೆಸಿ ಎಂದು ಒತ್ತಾಯಿಸಲಾಗದು. ಗೂಗಲ್ ತನ್ನ ಆರ್ಕುಟ್ ಎಂಬ ಜಾಲತಾಣವನ್ನು 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಆದರೆ ಜನ ತಮ್ಮ ಫೋಟೊ, ಬರಹಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶ ಕೊಟ್ಟಿತು. ಅದೂ ಪುಕ್ಕಟೆ ಸೇವೆಯಾಗಿತ್ತು ಎಂಬುದನ್ನು ಗಮನಿಸಬೇಕು.

ಹಣ ಪಡೆದ ಸೇವೆಗಳಲ್ಲೂ ಒಳ್ಳೆಯ ಮಾದರಿಗಳಿವೆ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಓದುಗರು ಕೊಂಡ ಪುಸ್ತಕಗಳೆಲ್ಲ ಅವರ ಸಾಧನದಿಂದ ಮಾಯವಾದವು. ಆದರೆ ಕಂಪನಿ ಪುಸ್ತಕದ ಪೂರ್ತಿ ಹಣ ಹಿಂದಿರುಗಿಸಿತು. ಪುಟಗಳ ಅಂಚಿನಲ್ಲಿ ಟಿಪ್ಪಣಿ ಮಾಡಿಕೊಂಡಿದ್ದವರಿಗೆ ಅದರ ಮೇಲೆ 25 ಡಾಲರ್ ಸೇರಿಸಿ ಕೊಟ್ಟಿತು. ಈ 25 ಡಾಲರ್ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಂಪನಿ ಮಾರಿದ ಪುಸ್ತಕಕ್ಕೆ ಒಂದು ಬೆಲೆ, ಗ್ರಾಹಕ ತನ್ನ ಕೈಯಾರೆ ಬರೆದದ್ದಕ್ಕೆ ಬೇರೆ ಬೆಲೆ ಎಂದು ಒಪ್ಪಿಕೊಂಡ ಅಪರೂಪದ ಸಂದರ್ಭ ಅದು. ಗೂಗಲ್ ತನ್ನ ಸ್ಟೇಡಿಯಾ ಎಂಬ ಆಟದ ಸೇವೆಯನ್ನು 2023ರ ಜನವರಿ 18ರಂದು ನಿಲ್ಲಿಸುವಾಗಲೂ ತನ್ನಿಂದ ಕೊಂಡ ಆಟಗಳ, ಉಪಕರಣಗಳ ಹಣ ವಾಪಸು ಕೊಟ್ಟಿತು. ಇವೆಲ್ಲ ದೊಡ್ಡ ಕಂಪನಿಗಳು ತಮ್ಮ ಹೆಸರು ಉಳಿಸಿಕೊಳ್ಳಲು ಮಾಡಿದ್ದು. ಹೆಸರಿನ ಹಂಗಿಲ್ಲದವರಿಂದ ಇದನ್ನು ಮಾಡಿಸಲು ಕಾನೂನೇ ಬೇಕು.

ಕಾನೂನು ಇರುವ ಕಡೆ ಏನಾಗುತ್ತದೆ ಎಂಬುದಕ್ಕೆ ನಾನು ದೂರ ಹೋಗಬೇಕಿಲ್ಲ. ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಜೆಸ್ಕಾಂನ ಮುಖ್ಯ ಕಚೇರಿ ನಮ್ಮ ಊರಲ್ಲೇ ಇದೆ. ಕರೆಂಟ್ ಬಿಲ್ ಕಟ್ಟದೆ ಬಾಕಿ ಉಳಿಸಿಕೊಂಡವನ ಸಂಪರ್ಕ ಕಡಿಯಬೇಕಾದರೂ 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಪೂರ್ತಿ 15 ದಿನ ಮೊದಲು ಬರಹದಲ್ಲಿ ನೋಟಿಸು ಕೊಡಬೇಕು. ಬಾಕಿದಾರನಿಗೇ ಇಷ್ಟು ರಕ್ಷಣೆ. ಪೂರ್ತಿ ಚಂದಾ ಮುಂಗಡ ಕಟ್ಟಿದ ಆ್ಯಪ್ ಗ್ರಾಹಕನಿಗೆ ಇಷ್ಟೂ ಇಲ್ಲ.

ಮೊಬೈಲ್ ಸೇವೆಯ ಕಂಪನಿ ಏರ್‌ಸೆಲ್ 2018ರಲ್ಲಿ ದಿವಾಳಿಯಾದದ್ದು ಈ ಭಾಗದ ಬಹಳ ಜನಕ್ಕೆ ನೆನಪಿದೆ. ಕಂಪನಿ ಮುಳುಗಿತು, ನಂಬರು ಮುಳುಗಲಿಲ್ಲ. ನಂಬರ್ ಪೋರ್ಟಬಿಲಿಟಿ 2011ರಿಂದಲೇ ದೇಶದಾದ್ಯಂತ ಜಾರಿಯಲ್ಲಿತ್ತು, ಗ್ರಾಹಕರು ಹಳೆಯ ನಂಬರನ್ನೇ ಹಿಡಿದುಕೊಂಡು ಬೇರೆ ಕಂಪನಿಗೆ ಹೋಗಲು ದೂರಸಂಪರ್ಕ ನಿಯಂತ್ರಕ ಟ್ರಾಯ್ ವ್ಯವಸ್ಥೆ ಮಾಡಿತು. ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮೇಲೆ 2024ರಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗಲೂ ಜನ ಬೇರೆ ವ್ಯವಸ್ಥೆ ಮಾಡಿಕೊಳ್ಳಲೆಂದು ಫೆಬ್ರವರಿ 29ರ ಗಡುವನ್ನು ಮಾರ್ಚ್ 15ಕ್ಕೆ ಮುಂದೂಡಿತು; ಖಾತೆಯಲ್ಲಿದ್ದ ಹಣ ತೆಗೆದುಕೊಳ್ಳಲು ಅಡ್ಡಿಯಿರಲಿಲ್ಲ. ಆಟೊ ಡೆಬಿಟ್ ಮೂಲಕ ಚಂದಾ ಕಡಿಯುವ ಮೊದಲು ಕನಿಷ್ಠ 24 ಗಂಟೆ ಮುಂಚೆ ಗ್ರಾಹಕನಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಗಟ್ಟಿಯಾಗಿ ಜಾರಿಯಲ್ಲಿದೆ. ಕಂಪನಿ ನಮ್ಮಿಂದ ಇನ್ನೂರು ರೂಪಾಯಿ ತೆಗೆದುಕೊಳ್ಳಲು ಮುಂಚಿತ ಸೂಚನೆ ಕಡ್ಡಾಯ, ನಮ್ಮ ಆರು ತಿಂಗಳ ಉದ್ರಿ ಲೆಕ್ಕ ತೆಗೆದುಕೊಂಡು ಹೋಗಲು ಬೇಡ.

ಗಂಜ್‌ನ ಗೋದಾಮಿನಲ್ಲಿ ರೈತ ತೊಗರಿ ಚೀಲ ಇಟ್ಟ ಎಂದುಕೊಳ್ಳಿ. ಗೋದಾಮಿನ ಮಾಲೀಕ ಧಂದೆ ಬಿಡಬಹುದು, ಆದರೆ ಚೀಲಗಳನ್ನು ಒಳಗೇ ಬಿಟ್ಟು ಬೀಗ ಜಡಿದು ಹೋಗುವಂತಿಲ್ಲ. 1872ರ ಕರಾರು ಕಾಯ್ದೆಯೇ ಇದನ್ನು ಹೇಳಿದೆ: ಇನ್ನೊಬ್ಬರ ಸರಕು ವಶಕ್ಕೆ ಪಡೆದವನು ಅದನ್ನು ತನ್ನದೇ ಸರಕಿನಂತೆ ಜತನವಾಗಿ ನೋಡಿಕೊಳ್ಳಬೇಕು, ಇಟ್ಟ ಉದ್ದೇಶ ಮುಗಿದೊಡನೆ ಕೇಳುವವರೆಗೂ ಕಾಯದೆ ಹಿಂದಿರುಗಿಸಬೇಕು, ಹಿಂದಿರುಗಿಸದಿದ್ದರೆ ಅಲ್ಲಿಂದ ಮುಂದಿನ ನಷ್ಟಕ್ಕೆ ಅವನೇ ಹೊಣೆ. 150 ವರ್ಷ ಹಿಂದೆ ಚೀಲಕ್ಕೆ ಸಿಕ್ಕ ಈ ರಕ್ಷಣೆ ಇಂದು ಸರ್ವರ್‌ನಲ್ಲಿರುವ ಲೆಕ್ಕಕ್ಕೆ ಸಿಕ್ಕಿಲ್ಲ, ಏಕೆಂದರೆ ಆ ಕಾಯ್ದೆ ಹೇಳುವುದು ಕೈಗೆ ಸಿಗುವ ಸರಕಿನ ಬಗ್ಗೆ.

ತಾವು ಕೇಳಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆಯಲ್ಲ ಎಂದು. ಇದೆ, ಅದರಲ್ಲಿ ಒಳ್ಳೆಯ ಮಾತೂ ಇದೆ. ತಕ್ಕ ಕಾರಣವಿಲ್ಲದೆ ಒಂದೇ ಕಡೆಯವರು ಒಪ್ಪಂದ ಕೊನೆಗೊಳಿಸುವ ಹಕ್ಕು ಕೊಡುವ ಕರಾರು ಅನ್ಯಾಯದ ಕರಾರು ಎಂದು 2ನೇ ಕಲಂನ 46ನೇ ಉಪಕಲಂ ಸ್ಪಷ್ಟವಾಗಿ ಹೇಳುತ್ತದೆ. ಮೇಲೆ ಹೇಳಿದ ವಾಕ್ಯವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಬೇರೆ ವಾದವೇ ಬೇಡ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸುವ ಸಣ್ಣ ಅಂಗಡಿಯವನನ್ನೂ ಗ್ರಾಹಕ ಎಂದೇ ಆ ಕಾಯ್ದೆ ಪರಿಗಣಿಸುತ್ತದೆ. ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಇಷ್ಟೆಲ್ಲ ಕೊಟ್ಟ ಕಾಯ್ದೆಯೇ ಒಂದು ಕಡೆ ಕೈಬಿಟ್ಟಿದೆ: ಅನ್ಯಾಯದ ಕರಾರಿನ ದೂರು ಕೇಳುವ, ಅಂಥ ಷರತ್ತು ಶೂನ್ಯವೆಂದು ಘೋಷಿಸುವ ಅಧಿಕಾರ ಇರುವುದು ರಾಜ್ಯ ಮತ್ತು ರಾಷ್ಟ್ರೀಯ ಗ್ರಾಹಕ ಆಯೋಗಗಳಿಗೆ. ಜಿಲ್ಲಾ ಆಯೋಗಕ್ಕೆ ಅದಿಲ್ಲ. ಎರಡು ಸಾವಿರ ರೂಪಾಯಿ ಚಂದಾ ಕಟ್ಟಿದ ಆಳಂದದ ಅಂಗಡಿಕಾರ, ಒಂದು ವಾಕ್ಯವನ್ನು ರದ್ದು ಮಾಡಿಸಲು ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕು. ಹತ್ತುವುದಿಲ್ಲ. ಯಾರೂ ಹತ್ತುವುದಿಲ್ಲ ಎಂಬ ಧೈರ್ಯದಲ್ಲೇ ಆ ವಾಕ್ಯ ಎಲ್ಲ ಷರತ್ತುಗಳಲ್ಲೂ ಹಾಯಾಗಿ ಕುಳಿತಿದೆ.

ಸುಪ್ರೀಂ ಕೋರ್ಟಿನ ನಿಲುವು ಈ ವಿಷಯದಲ್ಲಿ ಇಂದು ನಿನ್ನೆಯದಲ್ಲ. 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಮತ್ತು ಬ್ರೋಜೋನಾಥ್ ಗಂಗೂಲಿ ಪ್ರಕರಣ ಬಂದಿತ್ತು. ಕಾಯಂ ನೌಕರನನ್ನು ಕಾರಣ ಹೇಳದೆ ಮೂರು ತಿಂಗಳ ನೋಟಿಸಿನ ಮೇಲೆ ತೆಗೆದುಹಾಕಬಹುದು ಎಂಬ ನಿಯಮ ಅಲ್ಲಿತ್ತು. ಚೌಕಾಶಿ ಮಾಡುವ ಬಲವೇ ಇಲ್ಲದವರು ಅಚ್ಚಾದ ಕಾಗದಕ್ಕೆ ಸಹಿ ಹಾಕದೆ ಗತಿಯಿಲ್ಲದಾಗ, ಅದರಲ್ಲಿನ ಅನ್ಯಾಯದ ಷರತ್ತಿಗೆ ಕೋರ್ಟು ಬಲ ಕೊಡುವುದಿಲ್ಲ ಎಂದು ಆ ನಿಯಮವನ್ನು ಹೊಡೆದುಹಾಕಿತು. 2019ರಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಬಿಲ್ಡರ್‌ಗಳ ಏಕಪಕ್ಷೀಯ ಕರಾರಿನ ಬಗ್ಗೆಯೂ ಇದೇ ಧಾಟಿಯಲ್ಲಿ ಹೇಳಿತು. ಮೊಬೈಲ್ ಪರದೆಯಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತುವವನಿಗೆ ಬಿಲ್ಡರ್ ಮುಂದೆ ಕುಳಿತವನಿಗಿಂತಲೂ ಕಡಿಮೆ ಆಯ್ಕೆ ಇದೆ. ಬಿಲ್ಡರ್ ಮುಂದೆ ಕನಿಷ್ಠ ಬಾಯಿಬಿಟ್ಟು ಕೇಳಬಹುದು. ಅನ್ಯಾಯದ ಕರಾರುಗಳಿಗೆ ಪ್ರತ್ಯೇಕ ಕಾನೂನು ಬೇಕೆಂದು ಕಾನೂನು ಆಯೋಗ ತನ್ನ 199ನೇ ವರದಿಯಲ್ಲಿ, 2006ರಲ್ಲೇ, ಶಿಫಾರಸು ಮಾಡಿತ್ತು. ಯುರೋಪಿನವರು 1993ರಲ್ಲೇ ನಿರ್ದೇಶನ ಹೊರಡಿಸಿ, ಗಂಭೀರ ಕಾರಣವಿಲ್ಲದೆ, ಸಾಕಷ್ಟು ಸೂಚನೆ ಕೊಡದೆ ಅವಧಿ ಗೊತ್ತುಮಾಡದ ಒಪ್ಪಂದವನ್ನು ಕೊನೆಗೊಳಿಸುವ ಷರತ್ತನ್ನು ಅನ್ಯಾಯದ ಷರತ್ತುಗಳ ಪಟ್ಟಿಯಲ್ಲಿ ಸೇರಿಸಿದ್ದರು.

ಇನ್ನೊಂದು ಬಾಗಿಲೂ ಮುಚ್ಚಿದೆ. ತನ್ನ ದತ್ತಾಂಶವನ್ನು ಒಂದು ಕಂಪನಿಯಿಂದ ಎತ್ತಿ ಇನ್ನೊಂದಕ್ಕೆ ಒಯ್ಯುವ ಹಕ್ಕು 2019ರ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಇತ್ತು. 2023ರಲ್ಲಿ ಕಾಯ್ದೆಯಾಗುವಾಗ ಅದು ಬಿದ್ದುಹೋಯಿತು. ಇದ್ದಿದ್ದರೂ ಅದು ವೈಯಕ್ತಿಕ ದತ್ತಾಂಶದ ಮಾತು. ‘ತಾಂಡಾ ಮೇಸ್ತ್ರಿ ಎರಡು ಚೀಲ ಯೂರಿಯಾ’ ಎಂಬ ಸಾಲು ಅಂಗಡಿಯವನ ವೈಯಕ್ತಿಕ ದತ್ತಾಂಶವೋ, ಮೇಸ್ತ್ರಿಯದ್ದೋ ಎಂಬ ಚರ್ಚೆ ಮುಗಿಯುವ ಹೊತ್ತಿಗೆ ಎರಡು ಹಂಗಾಮು ಕಳೆದಿರುತ್ತವೆ.

ವಿದ್ಯಾರ್ಥಿಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಬೀದರ್, ಯಾದಗಿರಿ, ಕಲಬುರಗಿ ಮೂರೂ ಕಡೆ ನೀಟ್, ಸಿಇಟಿಗೆಂದು ಆನ್‌ಲೈನ್ ಕೋಚಿಂಗ್ ತೆಗೆದುಕೊಳ್ಳುವ ಮನೆಗಳು ಬಹಳ. ಒಂದೆರಡು ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ಕೈಯಲ್ಲಿ ಅಷ್ಟಿಲ್ಲದವರಿಗೆ ಅಲ್ಲೇ ಸಾಲ ಕೊಡಿಸಿ ಇಎಂಐ ಮಾಡಿಸುತ್ತಾರೆ. ಹಣ ಕೋಚಿಂಗ್ ಕಂಪನಿಗೆ ಒಮ್ಮೆಲೇ ಹೋಗುತ್ತದೆ, ಸಾಲ ಮಾತ್ರ ತಂದೆಯ ಹೆಸರಿನಲ್ಲಿ ತಿಂಗಳು ತಿಂಗಳು ಇರುತ್ತದೆ. ನಡುವೆ ಪಾಠ ನಿಂತರೆ ಇಎಂಐ ನಿಲ್ಲುವುದಿಲ್ಲ. ಪಾಠದ ಕರಾರು ಬೇರೆ, ಸಾಲದ ಕರಾರು ಬೇರೆ ಎನ್ನುತ್ತಾರೆ. ಕಟ್ಟದಿದ್ದರೆ ಸಿಬಿಲ್ ಕೆಡುತ್ತದೆ, ನಾಳೆ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದಾಗ ಅದೇ ಅಡ್ಡ ಬರುತ್ತದೆ. ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಂ ಇದನ್ನು ಯಾವತ್ತೋ ಬಗೆಹರಿಸಿದೆ. ಮಾರಿದವನು ಮಾತು ತಪ್ಪಿದರೆ, ಆ ಖರೀದಿಗೆ ಸಾಲ ಕೊಟ್ಟವನೂ ಗ್ರಾಹಕನಿಗೆ ಉತ್ತರ ಕೊಡಬೇಕು. ಹಾಗಿದ್ದಾಗ ಸಾಲ ಕೊಡುವ ಸಂಸ್ಥೆಯೇ ಕೋಚಿಂಗ್ ಕಂಪನಿ ಎರಡು ವರ್ಷ ಬಾಳುತ್ತದೋ ಇಲ್ಲವೋ ಎಂದು ವಿಚಾರಿಸುತ್ತದೆ. ಯಾದಗಿರಿಯ ರೈತ ತಂದೆಗಿಂತ ಅವರಿಗೆ ಆ ವಿಚಾರಣೆ ಸುಲಭ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರಂತೂ ದಾವೆಗಳಿಗೆಲ್ಲ ತಡೆ ಬೀಳುತ್ತದೆ. ಮನೆ ಕೊಳ್ಳುವವರಿಗೆ 2018ರ ತಿದ್ದುಪಡಿಯಲ್ಲಿ ಕಂಪನಿಗೆ ಹಣಕಾಸು ಸಾಲ ಕೊಟ್ಟವರ ಸ್ಥಾನ ಸಿಕ್ಕಿತು. ಮುಂಗಡ ಚಂದಾ ಕಟ್ಟಿದವರು ಸಾಲಿನ ಕೊನೆಯಲ್ಲೇ ನಿಂತಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇದು. ಹಣ ಪಡೆದ ಯಾವುದೇ ಆನ್‌ಲೈನ್ ಸೇವೆ ನಿಲ್ಲುವ ಮೊದಲು ಕನಿಷ್ಠ 90 ದಿನದ ಸೂಚನೆ ಕಡ್ಡಾಯವಾಗಬೇಕು. ಆ ಸೂಚನೆ ಆ್ಯಪ್‌ನ ಮೂಲೆಯಲ್ಲಿ ಮಿಂಚಿ ಹೋಗುವಂಥದ್ದಾಗದೆ, ಎಸ್‌ಎಂಎಸ್ ಆಗಿ, ಗ್ರಾಹಕ ಆ್ಯಪ್ ಬಳಸುವ ಭಾಷೆಯಲ್ಲೇ ಬರಬೇಕು. ಆ್ಯಪ್ ಮಾರುವಾಗ ಕನ್ನಡ ಬರುತ್ತದೆ ಎಂದ ಮೇಲೆ ಮುಚ್ಚುವಾಗಲೂ ಬರಲಿ. ಗ್ರಾಹಕ ತುಂಬಿದ ಪ್ರತಿ ಸಾಲೂ, ಒಟ್ಟು ಮೊತ್ತವಷ್ಟೇ ಅಲ್ಲದೆ ದಿನಾಂಕ ಸಮೇತ, ಎಕ್ಸೆಲ್‌ನಲ್ಲಿ ತೆರೆಯುವಂಥ ಸಾಮಾನ್ಯ ಫೈಲಿನಲ್ಲಿ ಉಚಿತವಾಗಿ ಸಿಗಬೇಕು. ಸೇವೆ ನಿಂತ ಮೇಲೂ ಒಂದು ವರ್ಷ ಅದನ್ನು ಇಳಿಸಿಕೊಳ್ಳುವ ಅವಕಾಶ ಇರಬೇಕು. ಲೆಕ್ಕಪತ್ರ ಇಡುವ ಸೇವೆಗಳಿಗೆ ಈ ಅವಧಿ ಜಿಎಸ್‌ಟಿಯ 72 ತಿಂಗಳಿಗೆ ಹೊಂದಬೇಕು. ಕಂಪನಿಗೆ ಆಗದಿದ್ದರೆ ಆ ಹೊಣೆಯನ್ನು ಬೇರೊಬ್ಬರಿಗೆ ಹಣ ಕೊಟ್ಟು ವಹಿಸಲಿ. ಬಳಸದ ಚಂದಾ ಕೇಳದೆಯೇ ಹಿಂದಿರುಗಬೇಕು. ಸಾಲ ಮಾಡಿಸಿ ಮಾರಿದ ಸೇವೆ ನಿಂತರೆ ಉಳಿದ ಇಎಂಐ ಅಲ್ಲಿಗೇ ನಿಲ್ಲುವಂತೆ ರಿಸರ್ವ್ ಬ್ಯಾಂಕಿನ ಜೊತೆ ಕೂತು ನಿಯಮ ಮಾಡಬೇಕು.

ಈ ಕರ್ತವ್ಯಗಳನ್ನು ಪಾಲಿಸದ ಕಂಪನಿಗೆ ‘ನಾವು ಹೊಣೆಯಲ್ಲ’ ಎಂಬ ಷರತ್ತಿನ ಆಸರೆ ಸಿಗಬಾರದು. ಅದು ಶೂನ್ಯವೆಂದು ಹೇಳುವ ಅಧಿಕಾರ ಜಿಲ್ಲಾ ಆಯೋಗಕ್ಕೂ ಬರಬೇಕು. ಇದಕ್ಕೆ ಸಂಸತ್ತಿನಲ್ಲಿ ತಿದ್ದುಪಡಿ ಬೇಕು, ಸಮಯ ಹಿಡಿಯುತ್ತದೆ, ಬಲ್ಲೆ. ಆದರೆ ಸೂಚನೆ, ದಾಖಲೆ, ಹಣ ವಾಪಸು ಈ ಮೂರಕ್ಕೆ ಕಾಯಬೇಕಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯ 18ನೇ ಕಲಂ ಅಡಿ ಮಾರ್ಗಸೂಚಿ ಹೊರಡಿಸುವ ಅಧಿಕಾರ ಪ್ರಾಧಿಕಾರಕ್ಕೆ ಈಗಲೇ ಇದೆ. 2023ರ ನವೆಂಬರ್‌ನಲ್ಲಿ ಅದೇ ಅಧಿಕಾರ ಬಳಸಿ ತಾವು ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳ, ವಿರುದ್ಧ ಮಾರ್ಗಸೂಚಿ ತಂದಿರಿ. ಅದರಲ್ಲಿ ಹೆಸರಿಸಿದ 13 ಮೋಸಗಳಲ್ಲಿ ಚಂದಾ ಬಲೆಯೂ ಒಂದು, ಅಂದರೆ ಗ್ರಾಹಕ ಬಿಟ್ಟುಹೋಗಲು ಬಂದಾಗ ದಾರಿ ಕಾಣದಂತೆ ಮಾಡುವುದು. ಅದನ್ನು ತಡೆದದ್ದಕ್ಕೆ ತಮಗೆ ನಿಜಕ್ಕೂ ಕೃತಜ್ಞ. ಈಗ ಕಂಪನಿಯೇ ಬಿಟ್ಟುಹೋಗುವಾಗ ಏನು ಮಾಡಬೇಕೆಂಬುದನ್ನೂ ಬರೆಯಿರಿ.

ಇದರಿಂದ ಹೊಸ ಕಂಪನಿಗಳು ಹುಟ್ಟುವುದೇ ಇಲ್ಲ ಎಂದು ಕೆಲವರು ವಾದಿಸಬಹುದು. ಸಣ್ಣ ಕಂಪನಿಗಳ ಬಗ್ಗೆ ನನಗೂ ಕಾಳಜಿಯಿದೆ, ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರೂ ಆ್ಯಪ್ ಮಾಡುತ್ತಾರೆ. ಆದರೆ ನಾನು ಕೇಳುತ್ತಿರುವುದು ದೊಡ್ಡ ಖರ್ಚಿನದಲ್ಲ. ದತ್ತಾಂಶವನ್ನು ಸಾಲುಸಾಲಾಗಿ ಹೊರತೆಗೆಯುವ ಗುಂಡಿ ಮೊದಲ ದಿನವೇ ಆ್ಯಪ್‌ನಲ್ಲಿದ್ದರೆ ಕೊನೆಯ ದಿನ ಪರದಾಡಬೇಕಿಲ್ಲ. ಮುಂಗಡ ಚಂದಾದಲ್ಲಿ ಸೇವೆ ಕೊಟ್ಟಷ್ಟು ಭಾಗವನ್ನು ಮಾತ್ರ ಆದಾಯವೆಂದು ಬರೆದು, ಉಳಿದದ್ದನ್ನು ಕೊಡಬೇಕಾದ ಬಾಕಿ ಎಂದು ತೋರಿಸುವುದು ಲೆಕ್ಕಶಾಸ್ತ್ರದ ಮೊದಲ ಪಾಠ. ಆ ಬಾಕಿಯನ್ನು ಬೇರೆ ಖಾತೆಯಲ್ಲಿ ಇಡಿ ಎಂದರೆ ಪ್ರಾಮಾಣಿಕ ಕಂಪನಿಗೆ ಕಷ್ಟವಾಗದು. ವರ್ಷದ ಚಂದಾ ಬದಲು ತಿಂಗಳ ಚಂದಾ ತೆಗೆದುಕೊಂಡರೆ ಅದೂ ಬೇಕಾಗುವುದಿಲ್ಲ.

ಪುಕ್ಕಟೆ ಸೇವೆಗಳ ಬಗ್ಗೆ ಒಂದು ಮಾತು. ಹಣ ಕೊಡದೆ ಪಡೆದದ್ದನ್ನು ಈಗಿನ ಕಾಯ್ದೆ ಸೇವೆ ಎಂದೇ ಒಪ್ಪುವುದಿಲ್ಲ. ಅಲ್ಲಿ ಹಣ ವಾಪಸಾತಿ ಪ್ರಶ್ನೆ ಇಲ್ಲ, ನಷ್ಟ ಪರಿಹಾರವನ್ನೂ ನಾನು ಕೇಳುತ್ತಿಲ್ಲ. ಆದರೆ ಜನ ಅಲ್ಲಿ ಇಟ್ಟದ್ದನ್ನು ತೆಗೆದುಕೊಂಡು ಹೋಗಲು ಸಮಯ ಕೊಡುವ ನಿಯಮ ಅವರಿಗೂ ಇರಲಿ. ಸರ್ಕಾರವೇ ನಿಷೇಧಿಸುವ ಆ್ಯಪ್‌ಗಳಿಗೂ ಇದನ್ನು ಯೋಚಿಸಬೇಕು. 2020ರ ಜೂನ್ 29ರಂದು ನಿಷೇಧವಾದ 59 ಆ್ಯಪ್‌ಗಳಲ್ಲಿ ಕ್ಯಾಮ್‌ಸ್ಕ್ಯಾನರ್ ಕೂಡ ಇತ್ತು, ಮಾರ್ಕ್ಸ್ ಕಾರ್ಡ್, ಪಹಣಿಗಳನ್ನು ಅದರಲ್ಲಿ ಸ್ಕ್ಯಾನ್ ಮಾಡಿಟ್ಟವರು ನಮ್ಮಲ್ಲಿ ಬಹಳ ಜನ ಇದ್ದರು. ದೇಶದ ಭದ್ರತೆಯ ಪ್ರಶ್ನೆ ದೊಡ್ಡದು, ಅದಕ್ಕೆ ಎದುರು ಹೇಳುವುದಿಲ್ಲ. ತಮ್ಮ ಕಾಗದ ಹಿಂದೆ ಪಡೆಯುವ ದಾರಿ ಅಂಥ ಆದೇಶದಲ್ಲೂ ಇರುವುದು ಸಾಧ್ಯ.

ಮಾರ್ಗಸೂಚಿಯ ಕರಡು ಸಿದ್ಧವಾದಾಗ ಇಂಗ್ಲಿಷ್, ಹಿಂದಿಯ ಜೊತೆಗೆ ಕನ್ನಡದಲ್ಲೂ ಪ್ರಕಟಿಸಿ, ಆಕ್ಷೇಪಣೆಗೆ ಸಾಕಷ್ಟು ದಿನ ಕೊಡಿ. ಅಭಿಪ್ರಾಯ ಕೇಳುವ ಸಭೆ ದೆಹಲಿ, ಬೆಂಗಳೂರಿನ ಉದ್ಯಮ ಸಂಘಗಳಿಗೆ ಸೀಮಿತವಾಗದೆ ಕಲಬುರಗಿಯಲ್ಲೂ ಒಂದು ನಡೆಯಲಿ. ದಿನಾಂಕ ಗೊತ್ತುಮಾಡುವಾಗ ಡಿಸೆಂಬರ್, ಜನವರಿ ಬಿಡಿ. ಆಗ ರಾಶಿ ನಡೆದಿರುತ್ತದೆ, ಅಂಗಡಿ ಬಿಟ್ಟು ಯಾರೂ ಬರಲಾರರು. ಉಳಿದ ಯಾವ ತಿಂಗಳಲ್ಲಿ ಕರೆದರೂ ಆಳಂದ, ಜೇವರ್ಗಿ, ಚಿತ್ತಾಪುರದ ಅಂಗಡಿಯವರನ್ನು ತಮ್ಮ ಮೊಬೈಲುಗಳ ಸಮೇತ ಕರೆತರುವ ಹೊಣೆ ನನ್ನದು.

ಇತಿ ತಮ್ಮ ವಿಶ್ವಾಸಿ,
ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು
ಕಲಬುರಗಿ